ವೇಷ ಕಟ್ಟುವ ಕಲೆ: ಬಡಗುತಿಟ್ಟಿನ ಆಭರಣಗಳು ಮತ್ತು ಅವುಗಳ ನೆಲೆ

ಯಕ್ಷಗಾನದ ಹಲವು ಆಭರಣಗಳ ಹೆಸರಿನಲ್ಲಿ 'ಕಟ್ಟು' ಎಂಬ ಮಾತು ಸೇರಿದೆ: ಎದೆಕಟ್ಟು, ತೋಳ್ಕಟ್ಟು, ಕೈಕಟ್ಟು, ತಲೆಗಟ್ಟು. ಗೆಜ್ಜೆಯನ್ನೂ ಕಟ್ಟುತ್ತಾರೆ, ಕಸೆಯನ್ನೂ ಕಟ್ಟುತ್ತಾರೆ, ಕೊನೆಗೆ ಇಡೀ ವೇಷವನ್ನೇ ಕಟ್ಟುತ್ತಾರೆ. ಈ ಮಾತು ಬರಿಯ ರೂಢಿಯದಲ್ಲ, ಕೆಲಸದ ಸ್ವರೂಪವನ್ನೇ ಹೇಳುತ್ತದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷ ಅಂಗಿಯಂತೆ ಒಮ್ಮೆಗೇ ತೊಡುವ ವಸ್ತುವಲ್ಲ. ಮರದ ತುಂಡು, ಬಟ್ಟೆ, ದಾರ ಈ ಮೂರನ್ನು ಮನುಷ್ಯನ ಮೈಯ ಮೇಲೆ ಒಂದೊಂದಾಗಿ ನೆಲೆಗೊಳಿಸುತ್ತ ಪ್ರತಿ ರಾತ್ರಿ ಹೊಸದಾಗಿ ಕಟ್ಟಿ ನಿಲ್ಲಿಸುವ ರೂಪ ಅದು. ಬೆಳಗಾದ ಮೇಲೆ ಬಿಚ್ಚಿದರೆ ಮತ್ತೆ ಪೆಟ್ಟಿಗೆಯಲ್ಲಿ ಬಿಡಿ ತುಂಡುಗಳಾಗಿ ಉಳಿಯುತ್ತದೆ. ಯಾವ ತುಂಡು ಮೈಯ ಯಾವ ಭಾಗದಲ್ಲಿ ಕೂರಬೇಕು, ಎಷ್ಟು ಬಿಗಿಯಾಗಿರಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬುದನ್ನು ಮೇಳಗಳ ಹಲವು ತಲೆಮಾರುಗಳು ಗೊತ್ತುಮಾಡಿಕೊಂಡು ಬಂದಿವೆ.

ಘಟ್ಟದ ಮೇಲಿನ ಸೀಮೆ

ಈ ವೇಷ ಕರಾವಳಿಯಿಂದ ಘಟ್ಟ ಹತ್ತಿ ಮಲೆನಾಡಿಗೂ ಬಂತು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಘಟ್ಟದ ಅಂಚಿಗೆ ಹೊಂದಿಕೊಂಡಿವೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದರೆ ಉಡುಪಿಯ ಕಡೆ, ಹೊಸನಗರದಿಂದ ಹುಲಿಕಲ್ಲು ಘಾಟಿ ಇಳಿದರೆ ಕುಂದಾಪುರದ ಕಡೆ ದಾರಿ ತೆರೆಯುತ್ತದೆ. ಈ ಸೀಮೆಯ ಅರಳಸುರಳಿಯಂಥ ಊರುಗಳಿಗೆ ಕರಾವಳಿಯ ಮೇಳಗಳು ಬಂದದ್ದು ಈ ದಾರಿಗಳಲ್ಲೇ. ಅಡಿಕೆ ಕೊಯ್ಲು, ಭತ್ತದ ಒಕ್ಕಲು ಮುಗಿದ ಮೇಲೆ ಬಯಲಾದ ಗದ್ದೆಯಲ್ಲಿ ಆಟ ನಡೆಯುತ್ತಿತ್ತು. ಬೇಡಿದ್ದು ನಡೆದರೆ ಆಟ ಆಡಿಸುತ್ತೇವೆಂದು ಹೇಳಿಕೊಂಡ ಮನೆಯವರು ಹರಕೆ ತೀರಿಸಲು ಮೇಳವನ್ನು ಕರೆಸುತ್ತಿದ್ದರು. ಮಂದಾರ್ತಿ ದುರ್ಗಾಪರಮೇಶ್ವರಿಯ ಹೆಸರಿನಲ್ಲಿ ಹರಕೆ ಆಟ ಆಡಿಸುವ ಕ್ರಮ ಮಲೆನಾಡಿನ ಮನೆಗಳಲ್ಲಿ ಇಂದಿಗೂ ಇದೆ. ಮೇಳದೊಂದಿಗೆ ವೇಷದ ಪೆಟ್ಟಿಗೆಗಳೂ ಘಟ್ಟ ಹತ್ತಬೇಕಿತ್ತು. ವಾಹನಗಳು ಬರುವ ಮೊದಲು ಅವನ್ನು ಆಳುಗಳೇ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದರು. ನೋಡಲು ಲೋಹದಂತೆ ಹೊಳೆದರೂ ಹೊರಲು ಮರದಷ್ಟೇ ಹಗುರಾಗಿರಬೇಕೆಂಬುದು ಯಕ್ಷಗಾನದ ಆಭರಣಕ್ಕೆ ಕುಣಿಯುವವನ ಮೈ ವಿಧಿಸಿದ ಷರತ್ತು. ಹೊರುವವನ ಹೆಗಲಿಗೂ ಬೇಕಾದದ್ದು ಅದೇ.

ಮಳೆಗಾಲ ಹಿಡಿದರೆ ಬಯಲಾಟ ನಿಲ್ಲುತ್ತಿತ್ತು. ಆ ತಿಂಗಳುಗಳಲ್ಲಿ ಇದೇ ಸೀಮೆಯ ಮನೆಗಳ ಜಗಲಿಯಲ್ಲಿ, ದೇವಸ್ಥಾನಗಳ ಚಾವಡಿಯಲ್ಲಿ ತಾಳಮದ್ದಲೆ ಕೂರುತ್ತಿತ್ತು. ಅದರಲ್ಲಿ ಪದ್ಯವಿದೆ, ಮದ್ದಲೆಯಿದೆ, ಅರ್ಥಗಾರಿಕೆಯಿದೆ, ವೇಷವಿಲ್ಲ. ಪಂಚೆ ಉಟ್ಟು ಶಾಲು ಹೊದ್ದವರು ಮಾತಿನಿಂದಲೇ ಕರ್ಣನೋ ಕೃಷ್ಣನೋ ಆಗುತ್ತಾರೆ. ಹೀಗೆ ಮಲೆನಾಡಿನ ಪ್ರೇಕ್ಷಕನಿಗೆ ವರ್ಷದ ಒಂದು ಭಾಗದಲ್ಲಿ ಪಾತ್ರ ಕಿವಿಯಿಂದ ಸಿಕ್ಕರೆ ಇನ್ನೊಂದು ಭಾಗದಲ್ಲಿ ಕಣ್ಣಿನಿಂದ ಸಿಗುತ್ತಿತ್ತು. ಎರಡನ್ನೂ ಬಲ್ಲವರ ಮುಂದೆ ವೇಷ ಬರಿಯ ಅಲಂಕಾರವಾಗಿ ಉಳಿಯುವಂತಿರಲಿಲ್ಲ. ಬಾಯಿ ತೆರೆಯುವ ಮುನ್ನವೇ ಅದು ಪಾತ್ರವನ್ನು ಹೇಳಬೇಕಿತ್ತು.

ಗುಡಿಗಾರರ ಉಳಿ

ಆಭರಣಗಳನ್ನು ಮಾಡಿಕೊಟ್ಟ ಕೈಗಳಲ್ಲಿ ಗುಡಿಗಾರರದು ಮುಖ್ಯ. ಸಾಗರ, ಸೊರಬ, ಸಿದ್ದಾಪುರ, ಶಿರಸಿ, ಹೊನ್ನಾವರ, ಕುಮಟಾಗಳಲ್ಲಿ ನೆಲೆಸಿದ ಈ ಕುಶಲಿಗರ ಹೆಸರಿನಲ್ಲೇ ಗುಡಿ ಇದೆ. ದೇವಸ್ಥಾನದ ಮರಗೆಲಸ, ತೇರಿನ ಕೆತ್ತನೆ, ಉತ್ಸವದ ಮೂರ್ತಿಗಳು ಅವರ ಕುಲಕಸುಬು. ಶ್ರೀಗಂಧದ ಕೆತ್ತನೆ ಅವರಿಗೆ ದೊಡ್ಡ ಹೆಸರು ತಂದಿತು. ಆ ಕಸುಬಿನ ಕೇಂದ್ರವಾಗಿಯೇ ಸಾಗರ ನಾಡಿಗೆಲ್ಲ ಪರಿಚಿತವಾಯಿತು. ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ, ಹೂವು, ಹಂಸಗಳನ್ನು ಬಿಡಿಸುವ ಅದೇ ಉಳಿ ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನೂ ಕೆತ್ತಿತು.

ಮೈಮೇಲಿನ ಆಭರಣದ ವಿದ್ಯೆ ಗುಡಿಗಾರರಿಗೆ ಇನ್ನೊಂದು ಬಾಗಿಲಿನಿಂದಲೂ ಬಂದಿತ್ತು. ಅದು ಬಾಸಿಂಗ. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ಅವರು ಬೆಂಡಿನಿಂದ ಮಾಡುತ್ತಾರೆ. ಕೆರೆ, ಜೌಗು ನೆಲದಲ್ಲಿ ಬೆಳೆಯುವ ಗಿಡದ ಕಾಂಡದೊಳಗಿನ ಬಿಳಿಯ ತಿರುಳು ಈ ಬೆಂಡು. ಅದನ್ನು ಒಣಗಿಸಿ, ಹರಿತವಾದ ಕತ್ತಿಯಿಂದ ತೆಳುವಾಗಿ ಸೀಳಿ, ಹೂವು ಮೊಗ್ಗುಗಳ ಆಕಾರಕ್ಕೆ ತಂದು, ಬಣ್ಣದ ಕಾಗದ, ಬೇಗಡೆ ಹಚ್ಚಿ ಜೋಡಿಸುತ್ತಾರೆ. ಕೈಯಲ್ಲಿ ಹಿಡಿದರೆ ಭಾರವೇ ತಿಳಿಯದ ಈ ವಸ್ತು ಹಣೆಯ ಮೇಲೆ ನಿಲ್ಲುವುದು ಹಿಂದಲೆಯಲ್ಲಿ ಗಂಟು ಹಾಕಿದ ಒಂದು ದಾರದ ಬಲದಿಂದ. ಬಾಸಿಂಗ ಕಟ್ಟಿದ ಹುಡುಗ ಮದುಮಗನಾಗುತ್ತಾನೆ, ಅದು ಇಳಿಯುವವರೆಗೆ ಅವನ ಸ್ಥಾನವೇ ಬೇರೆ. ಕಿರೀಟ ಕಟ್ಟಿದವನನ್ನು ರಾಜನೆಂದು ಕಾಣುವ ರಂಗದ ನಂಬಿಕೆಗೂ ಮದುವೆ ಚಪ್ಪರದ ಈ ನಂಬಿಕೆಗೂ ನಡುವಿನ ದೂರ ಹೆಚ್ಚಿಲ್ಲ.

ಯಕ್ಷಗಾನದ ಆಭರಣಕ್ಕೆ ಬೆಂಡು ಸಾಲದು. ಅದು ರಾತ್ರಿಯಿಡೀ ಕುಣಿತದ ಪೆಟ್ಟು ತಾಳಬೇಕು, ವರ್ಷಗಟ್ಟಲೆ ಬಾಳಬೇಕು. ಆದ್ದರಿಂದ ಹಗುರವಾದ ಮರವನ್ನು ಆರಿಸಿ, ಒಳಭಾಗವನ್ನು ಮೈಯ ಉಬ್ಬುತಗ್ಗಿಗೆ ಹೊಂದುವಂತೆ ತೋಡಿ, ಹೊರಭಾಗದಲ್ಲಿ ಕೆತ್ತನೆ ಮಾಡುತ್ತಾರೆ. ಕೆತ್ತಿದ ಮೈಗೆ ಹೊನ್ನಿನ ಬಣ್ಣದ ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿಯ ಚೂರು, ಬಣ್ಣದ ಕಲ್ಲು ಕೂರಿಸುತ್ತಾರೆ. ಅಂಚಿನ ತೂತುಗಳಲ್ಲಿ ದಾರ ಅಥವಾ ಲಾಡಿ ಸೇರಿಸಿದರೆ ಆಭರಣ ಸಿದ್ಧ. ಆ ತೂತುಗಳ ಜಾಗ ತುಂಬ ಮುಖ್ಯ. ಎಳೆತ ಎರಡು ಕಡೆಗೂ ಸಮನಾಗಿ ಬೀಳದಿದ್ದರೆ ಎದೆಕಟ್ಟು ಒಂದೆಡೆಗೆ ವಾಲುತ್ತದೆ, ಭುಜಕೀರ್ತಿ ಮುಂದಕ್ಕೆ ಜಾರುತ್ತದೆ. ಕೆತ್ತುವವನಿಗೆ ಶಿಲ್ಪದ ಲೆಕ್ಕದಷ್ಟೇ ಮೈಯ ಲೆಕ್ಕವೂ ಗೊತ್ತಿರಬೇಕೆಂಬುದು ಇದರಿಂದ ತಿಳಿಯುತ್ತದೆ.

ಚೌಕಿಯ ಕ್ರಮ

ರಂಗಸ್ಥಳದಿಂದ ತುಸು ದೂರದಲ್ಲಿ ವೇಷಧಾರಿಗಳು ಸಿದ್ಧವಾಗುವ ಜಾಗ ಚೌಕಿ. ಮೇಳದ ಗಣಪತಿಯನ್ನು ಅಲ್ಲಿ ಇರಿಸಿ ಪೂಜೆ ಮಾಡಿದ ಮೇಲೆ ರಾತ್ರಿಯ ಆಟ ಮೊದಲಾಗುತ್ತದೆ. ಯಾರು ಎಲ್ಲಿ ಕೂರಬೇಕೆಂಬುದಕ್ಕೂ ವೇಷದ ದರ್ಜೆಗೆ ತಕ್ಕ ಕಟ್ಟಳೆಯಿದೆ. ಪ್ರತಿಯೊಬ್ಬನ ಮುಂದೆ ದೀಪ, ಕನ್ನಡಿ, ಬಣ್ಣ. ಪಕ್ಕದಲ್ಲಿ ಅವನ ಪಾಲಿನ ಆಭರಣ. ಗೆಜ್ಜೆಯನ್ನೂ ಕಿರೀಟವನ್ನೂ ಕಣ್ಣಿಗೊತ್ತಿಕೊಂಡು ಕಟ್ಟುವುದು ರೂಢಿ.

ಮೊದಲು ಮುಖ. ಹಿಂದೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಮುಖ್ಯ ಬಣ್ಣಗಳಾಗಿದ್ದವು. ಅವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ರಾಕ್ಷಸ ಪಾತ್ರಗಳಾದ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಸಾಲುಸಾಲಾಗಿ ಚಿಟ್ಟಿ ಇಡುತ್ತಾರೆ. ಮುಳ್ಳಿನಂತೆ ಎದ್ದು ನಿಲ್ಲುವ ಈ ಚುಕ್ಕಿಗಳೂ ಒಂದು ಬಗೆಯ ಆಭರಣವೇ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಇಡಬೇಕಾದ್ದರಿಂದ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ.

ಅನಂತರ ಕೆಳಗಿನಿಂದ ಮೇಲಕ್ಕೆ ಕಟ್ಟುತ್ತ ಬರುತ್ತಾರೆ. ಕಾಲುಚೀಲ, ಕಾಲ್ಕಡಗ, ಗೆಜ್ಜೆ ಆದ ಮೇಲೆ ಕಸೆ. ಕೆಂಪು, ಹಳದಿ ಚೌಕುಳಿಯ ಕಸೆಸೀರೆ ಬಡಗುತಿಟ್ಟಿನ ಗುರುತು. ಅದನ್ನು ಕಚ್ಚೆಯಾಗಿ ಬಿಗಿಯುವಾಗ ಮಂಡಿ ಮಡಿಸಲು ಬೇಕಾದಷ್ಟು ಸಡಿಲ ಉಳಿಸುತ್ತಾರೆ, ಏಕೆಂದರೆ ಮಂಡಿಯೂರಿ ತಿರುಗುವ ಕುಣಿತ ಈ ತಿಟ್ಟಿನ ದೊಡ್ಡ ಆಕರ್ಷಣೆ. ಮೈಗೆ ಅಂಗಿಯಾಗಿ ದಗಲೆ. ಅದರ ಮೇಲೆ ಸೊಂಟದ ಡಾಬು, ವೀರಗಾಸೆ, ಎದೆಕಟ್ಟು, ಭುಜಕೀರ್ತಿ, ತೋಳ್ಕಟ್ಟು, ಕೈಕಟ್ಟು. ಹೆಗಲಿನಿಂದ ಇಳಿಬೀಳುವ ಸೋಗೆವಲ್ಲಿ ಕೈಗಳ ಚಲನೆಗೆ ಜೊತೆ ಕೊಡುತ್ತದೆ. ತಲೆಗೆ ಬಟ್ಟೆಯ ಮುಂಡಾಸು ಅಥವಾ ಮುಂದಲೆಯಾದರೆ ಅದನ್ನು ತಲೆಯ ಮೇಲೆಯೇ ಸುತ್ತಿ ಕಟ್ಟಬೇಕು. ಸಿದ್ಧವಾಗಿರುವ ಮರದ ಕಿರೀಟವನ್ನು ರಂಗಕ್ಕೆ ಹೊರಡುವ ಮುನ್ನ ಏರಿಸಿದರೆ ಸಾಕು.

ಈ ಕೆಲಸ ಒಬ್ಬನಿಂದ ಮುಗಿಯುವಂಥದ್ದಲ್ಲ. ಎದೆಕಟ್ಟಿನ ದಾರ ಬೆನ್ನ ಹಿಂದೆ ಸೇರುತ್ತದೆ, ಭುಜಕೀರ್ತಿಯ ದಾರ ಕಂಕುಳ ಕೆಳಗೆ ಹಾಯುತ್ತದೆ. ತೋಳಿಗೆ ಒಮ್ಮೆ ಆಭರಣ ಬಿದ್ದ ಮೇಲೆ ತನ್ನ ಬೆನ್ನು ತನಗೇ ಎಟಕುವುದಿಲ್ಲ. ಹಿಂದಿನ ಗಂಟನ್ನು ಇನ್ನೊಬ್ಬ ಕಲಾವಿದ ಅಥವಾ ಚೌಕಿಯ ಸಹಾಯಕ ಹಾಕುತ್ತಾನೆ. ಆ ಗಂಟು ಬಿಗಿಯಾಗಿರಬೇಕು, ಉಸಿರು ಕಟ್ಟಬಾರದು. ಕುಣಿತಕ್ಕೆ ಸಡಿಲಬಾರದು, ಬೆಳಗಿನ ಜಾವ ಬಿಚ್ಚುವಾಗ ಕಗ್ಗಂಟಾಗಬಾರದು. ಎಳೆಯ ಕಲಾವಿದರು ಹಿರಿಯರ ವೇಷಕ್ಕೆ ಕೈಹಚ್ಚುತ್ತಲೇ ಈ ಹದ ಕಲಿಯುತ್ತ ಬಂದರು.

ನೆಲೆಯ ಅರ್ಥ

ಪ್ರತಿ ಆಭರಣದ ನೆಲೆಗೆ ಒಂದು ಕಾರಣವಿದೆ. ಗೆಜ್ಜೆ ಸಡಿಲವಾದರೆ ಹೆಜ್ಜೆಗಿಂತ ಒಂದು ಚಣ ತಡವಾಗಿ ದನಿಗೊಡುತ್ತದೆ. ಹಾಡುವ ಭಾಗವತರ ತಾಳಕ್ಕೂ ಕುಣಿಯುವವನ ಕಾಲಿಗೂ ನಡುವೆ ಬಿರುಕು ಕೇಳಿಸುತ್ತದೆ. ವೀರಗಾಸೆ ಸೊಂಟದಿಂದ ತೊಡೆಯ ಮೇಲೆ ಇಳಿಬಿದ್ದು ಮೈಯ ಕೆಳಭಾಗವನ್ನು ಹಿಗ್ಗಿಸುತ್ತದೆ. ಅದು ತುಸು ಕೆಳಗಿಳಿದರೂ ಹೆಜ್ಜೆಗೆ ತೊಡಕು. ಎದೆಕಟ್ಟು ಎದೆಯ ನಟ್ಟನಡುವೆ ಕೂತು ಎಲ್ಲ ಆಭರಣಗಳಿಗೂ ಮಧ್ಯಬಿಂದುವಾಗುತ್ತದೆ. ಭುಜಕೀರ್ತಿ ಹೆಗಲನ್ನು ಅಗಲಿಸಿ ವೀರನ ಮೈಕಟ್ಟು ಕೊಡುತ್ತದೆ. ಆದರೆ ಕೈ ಮೇಲೆತ್ತಿದಾಗ ಕೆನ್ನೆಗೆ ತಾಗದಷ್ಟು ಹೊರಗಿರಬೇಕು. ಕರ್ಣಪತ್ರ, ಕೆನ್ನೆಪೂಗಳು ಕಿವಿ ಕೆನ್ನೆಗಳ ಬಳಿ ನಿಂತು ಬಣ್ಣದ ಮುಖ ಮುಗಿದು ತಲೆಗಟ್ಟು ಮೊದಲಾಗುವ ಗೆರೆಯನ್ನು ಮುಚ್ಚುತ್ತವೆ. ಅವುಗಳಿಂದಾಗಿ ಮುಖವೂ ಮುಂಡಾಸೂ ಬೇರೆಬೇರೆಯಾಗಿ ಕಾಣದೆ ಒಂದೇ ಆಕೃತಿಯಾಗುತ್ತವೆ.

ತಲೆಯ ಮೇಲಿನದು ಪಾತ್ರದ ಬಗೆಯನ್ನೇ ಹೇಳುವಷ್ಟು ಖಚಿತ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ಹೆಸರೇ ಹೇಳುವಂತೆ ಅದು ಕೇದಗೆಯ ಎಸಳನ್ನು ನೆನಪಿಸುವ, ತುದಿ ಚೂಪಾದ ಕಟ್ಟು. ಕರ್ಣ, ಅರ್ಜುನರಂಥ ಗಂಭೀರ ವೀರರಿಗೆ ದೊಡ್ಡ ಮುಂಡಾಸು. ಹುಲ್ಲು, ಬಟ್ಟೆಗಳಿಂದ ಮಾಡಿದ ಅಟ್ಟೆಯನ್ನು ಆಧಾರವಾಗಿಟ್ಟು, ಅದರ ಮೇಲೆ ಬಟ್ಟೆ ಸುತ್ತಿ, ಜರಿಯ ಪಟ್ಟಿಗಳನ್ನು ಓರೆಯಾಗಿ ಎಳೆದು ಬಿಗಿದಾಗ ಕತ್ತಲ ಬಯಲಿನ ಕೊನೆಯಲ್ಲಿ ಕೂತವನಿಗೂ ಕಾಣುವಂಥ ಅಗಲವಾದ ಆಕೃತಿ ಮೂಡುತ್ತದೆ. ರಾಜರಿಗೆ, ದೇವತೆಗಳಿಗೆ ಮರದ ಕಿರೀಟ. ಬಣ್ಣದ ವೇಷಕ್ಕೆ ಅದಕ್ಕಿಂತ ಹಿರಿದಾದ, ಭೀಕರತೆಗೆ ತಕ್ಕ ಕಿರೀಟ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಕಿರೀಟಗಳದೇ ಮೇಲುಗೈ. ಬಡಗಿನ ಸೊಗಸು ಮುಂಡಾಸು ಮುಂದಲೆಗಳಲ್ಲಿದೆ. ಕಿರೀಟ ಒಮ್ಮೆ ಕೆತ್ತಿದರೆ ಅದೇ ರೂಪ ಉಳಿಯುತ್ತದೆ. ಮುಂಡಾಸು ಕಟ್ಟಿದವನ ಕೈಗುಣವನ್ನು ಪ್ರತಿ ರಾತ್ರಿ ತೋರಿಸುತ್ತದೆ. ಎರಡು ಬೆರಳು ಹಿಂದಕ್ಕೆ ಕಟ್ಟಿದರೆ ಹಣೆ ಬಯಲಾಗಿ ಪಾತ್ರದ ತೂಕ ಹೋಗುತ್ತದೆ, ಮುಂದಕ್ಕೆ ಬಂದರೆ ಹುಬ್ಬಿನ ಅಭಿನಯ ಮುಚ್ಚಿಹೋಗುತ್ತದೆ.

ಬೆಳಕು ಬದಲಾದಾಗ

ಈ ಆಭರಣಗಳು ರೂಪುಗೊಂಡದ್ದು ಎಣ್ಣೆಯ ದೊಂದಿಯ ಬೆಳಕಿಗಾಗಿ. ಗಾಳಿಗೆ ಅಲುಗುವ ಜ್ವಾಲೆಯಲ್ಲಿ ಬೇಗಡೆ ಮತ್ತು ಕನ್ನಡಿಚೂರು ಒಮ್ಮೆ ಮಿಂಚಿ ಒಮ್ಮೆ ಮರೆಯಾಗುತ್ತವೆ. ಕೆತ್ತನೆಯ ತಗ್ಗುಗಳಲ್ಲಿ ನೆರಳು ತುಂಬುತ್ತದೆ. 20ನೆಯ ಶತಮಾನದಲ್ಲಿ ಗ್ಯಾಸ್‌ಲೈಟು, ಆಮೇಲೆ ವಿದ್ಯುದ್ದೀಪ ಬಂದವು. ಶತಮಾನದ ಮಧ್ಯಭಾಗದಿಂದ ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಬೆಳೆದವು. ನಿಶ್ಚಲವಾದ, ಪ್ರಖರವಾದ ಬೆಳಕಿನಲ್ಲಿ ಹಳೆಯ ಬಣ್ಣಗಳು ಮಂಕಾಗಿ ಕಂಡವು. ಮಖಮಲ್ಲು, ಮಿನುಗುವ ಚಮಕಿ, ನಾಟಕ ಕಂಪನಿಗಳಿಂದ ಬಂದ ಉಡುಗೆಗಳು ಹಲವು ವೇಷಗಳ ಮೇಲೆ ಏರಿದವು. ಸ್ತ್ರೀವೇಷದಲ್ಲಿ ಬದಲಾವಣೆ ಇನ್ನೂ ಬೇಗನೆ ಆಯಿತು: ಪೇಟೆಯ ಸೀರೆ, ಪೇಟೆಯ ಒಡವೆ ಹಳೆಯ ಕಟ್ಟಿನ ಜಾಗವನ್ನು ಹಿಡಿದವು.

ಈ ಬದಲಾವಣೆಯನ್ನು ಗಂಭೀರವಾಗಿ ಎದುರಿಸಿದವರು ಸಾಹಿತಿ ಶಿವರಾಮ ಕಾರಂತರು (1902–1997). ಊರೂರು ಸುತ್ತಿ ಹಳೆಯ ವೇಷಗಳ ಕ್ರಮ, ಬಣ್ಣ, ಆಭರಣಗಳನ್ನು ಅವರು ಅಭ್ಯಾಸ ಮಾಡಿದರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಡಗುತಿಟ್ಟಿನ ವೇಷ ಒಂದು ಪೂರ್ಣ ವಿನ್ಯಾಸ, ಅದರ ಒಂದು ತುಂಡನ್ನು ತೆಗೆದು ಬೇರೆಯದನ್ನು ಇಟ್ಟರೆ ಉಳಿದವುಗಳ ಸಮತೋಲ ಕೆಡುತ್ತದೆ ಎಂಬ ದೃಷ್ಟಿ ಅವರ ಕೆಲಸದ ಹಿಂದಿತ್ತು. ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಲ್ಲಿ ಕುಣಿತದ ಜೊತೆಗೆ ವೇಷ ಕಟ್ಟುವುದೂ ಪಾಠವಾಯಿತು. ಮೇಳದ ತಿರುಗಾಟದಲ್ಲಿ ನೋಡುತ್ತ ಕಲಿಯುತ್ತಿದ್ದ ವಿದ್ಯೆ ತರಗತಿಯ ವಿದ್ಯೆಯೂ ಆದದ್ದು ಹೀಗೆ. ಇದೇ ಕಾಲದಲ್ಲಿ ಅಮೆರಿಕದ ಮಾರ್ತಾ ಆಶ್ಟನ್ ಬಡಗುತಿಟ್ಟನ್ನು ಇಲ್ಲಿಯೇ ಇದ್ದು ಕಲಿತರು. ಬ್ರೂಸ್ ಕ್ರಿಸ್ಟಿಯವರೊಂದಿಗೆ ಅವರು 1977ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥದಿಂದ ಈ ಕಲೆಯ ವಿವರಗಳು ಹೊರದೇಶಗಳ ಓದುಗರನ್ನೂ ತಲುಪಿದವು.

ಆಧುನಿಕ ರಂಗಭೂಮಿಯೂ ಯಕ್ಷಗಾನದ ಕಡೆ ನೋಡಿತು. ರಂಗನಿರ್ದೇಶಕ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗಾಗಿ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಂ ವನ' ಎಂಬ ಹೆಸರಿನಲ್ಲಿ ಯಕ್ಷಗಾನದ ರೀತಿಯನ್ನು ಬಳಸಿ ಆಡಿಸಿದರು. ಸ್ಕಾಟ್ಲೆಂಡಿನ ಕಥೆಯೊಂದು ಬಯಲಾಟದ ನಡೆಯಲ್ಲಿ ರಂಗಕ್ಕೆ ಬಂದಿತು.

ಗೊಂಬೆಯ ಮೈ, ಗಣಕದ ಮೈ

ಬಡಗುತಿಟ್ಟಿನ ವೇಷವನ್ನು ಮನುಷ್ಯನಲ್ಲದ ಮೈಗೆ ಕಟ್ಟಿದ ಪರಂಪರೆಯೂ ಇದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಮರದ ಗೊಂಬೆಗಳು ಅದೇ ಮುಂಡಾಸು, ಅದೇ ಎದೆಕಟ್ಟು, ಅದೇ ಕಸೆಯನ್ನು ಚಿಕ್ಕ ಅಳತೆಯಲ್ಲಿ ತೊಡುತ್ತವೆ. ಅಲ್ಲಿನ ಕೊಗ್ಗ ಕಾಮತರು ಈ ಕಲೆಯನ್ನು ದೇಶವಿದೇಶಗಳಿಗೆ ಒಯ್ದರು. ಕರ್ನಾಟಕದ ಸೂತ್ರದ ಗೊಂಬೆಗಳಿಗೆ ಹೆಗಲು, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿರುತ್ತವೆ. ಐದರಿಂದ ಏಳು ದಾರಗಳಿಂದ ಅವನ್ನು ಆಡಿಸುತ್ತಾರೆ. ಇಲ್ಲಿ ಆಭರಣ ಕೂರಿಸುವವರಿಗೆ ಹೊಸದೊಂದು ಕಟ್ಟುಪಾಡು ಎದುರಾಗುತ್ತದೆ. ತೊಡಿಗೆ ಕೀಲಿನ ಮೇಲೆ ಬಂದರೆ ಕೈ ಮಡಿಸುವುದಿಲ್ಲ, ದಾರದ ಹಾದಿಗೆ ಅಡ್ಡ ಬಂದರೆ ಗೊಂಬೆ ಕುಣಿಯುವುದಿಲ್ಲ. ಮನುಷ್ಯನ ವೇಷದಲ್ಲಿ ಮೈ ತಾನಾಗಿ ಸರಿಪಡಿಸಿಕೊಳ್ಳುವ ತಪ್ಪನ್ನು ಗೊಂಬೆ ಬಯಲು ಮಾಡಿಬಿಡುತ್ತದೆ.

ಚಲಿಸುವ ಮೈಯಲ್ಲಿ ತೊಡಿಗೆ ಎಲ್ಲಿ ಕೂರಬೇಕೆಂಬ ಇದೇ ಪ್ರಶ್ನೆ ಗಣಕದ ಲೋಕದಲ್ಲೂ ಎದುರಾಯಿತು. ಬಳಕೆದಾರನ ಪರವಾಗಿ ಪರದೆಯ ಮೇಲೆ ಓಡಾಡುವ ರೂಪವನ್ನು 'ಅವತಾರ' ಎಂದು ಕರೆಯುವ ರೂಢಿ 1980ರ ದಶಕದ್ದು. ಲೂಕಾಸ್‌ಫಿಲ್ಮ್ ಸಂಸ್ಥೆ 1986ರಲ್ಲಿ ತಂದ 'ಹ್ಯಾಬಿಟಾಟ್' ಎಂಬ ಆಟದ ಲೋಕ ಈ ಅರ್ಥದಲ್ಲಿ ಆ ಪದವನ್ನು ಬಳಸಿತು. 2003ರಲ್ಲಿ ಸಾರ್ವಜನಿಕರಿಗೆ ತೆರೆದ 'ಸೆಕೆಂಡ್ ಲೈಫ್'ನಲ್ಲಿ ಜನ ತಮ್ಮ ಅವತಾರಕ್ಕೆ ತಾವೇ ಕಿರೀಟ, ಸರ, ಕೈಬಳೆಗಳನ್ನು ತೊಡಿಸತೊಡಗಿದರು. ಅಲ್ಲಿ ಪ್ರತಿ ತೊಡಿಗೆಯನ್ನೂ ತಲೆ, ಎದೆ, ಹೆಗಲು, ಮುಂಗೈ ಮೊದಲಾದ ಗೊತ್ತಾದ ಬಿಂದುಗಳಲ್ಲಿ ಒಂದಕ್ಕೆ ಸೇರಿಸಬೇಕು. ಸೇರಿಸಿದ ಮೇಲೆ ಅದನ್ನು ಮೇಲೆ ಕೆಳಗೆ, ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಸರಿಸಿ, ತಿರುಗಿಸಿ, ಹಿಗ್ಗಿಸಿ ಕುಗ್ಗಿಸಿ ಹೊಂದಿಸಬೇಕು. ಸರಿಯಾದ ಬಿಂದುವಿಗೆ ಸೇರಿದ ತೊಡಿಗೆ ಅವತಾರ ನಡೆದಾಗ ಆ ಅಂಗದ ಜೊತೆಗೇ ಚಲಿಸುತ್ತದೆ. ತಲೆಯ ಆಭರಣವನ್ನು ಎದೆಯ ಬಿಂದುವಿಗೆ ಸೇರಿಸಿದರೆ ತಲೆ ತಿರುಗಿದರೂ ಆಭರಣ ನಿಂತಲ್ಲೇ ಉಳಿಯುತ್ತದೆ. ಕರಾವಳಿಯಲ್ಲಿ ಯಕ್ಷಗಾನಕ್ಕೆ 'ದಶಾವತಾರ ಆಟ' ಎಂಬ ಹಳೆಯ ಹೆಸರಿದೆ. ಅವತಾರಕ್ಕೆ ಆಭರಣ ಕೂರಿಸುವ ವಿದ್ಯೆಯಲ್ಲಿ ಚೌಕಿ ಕಂಡುಕೊಂಡ ಸೂತ್ರವೇ ಗಣಕದಲ್ಲೂ ನಡೆಯುತ್ತದೆ: ಆಭರಣದ ನೆಲೆಯನ್ನು ನಿಂತ ಮೈಯಿಂದ ಅಳೆಯಲಾಗದು, ಚಲಿಸುವ ಮೈಯಿಂದ ಅಳೆಯಬೇಕು.

ಇಂದಿನ ಪೆಟ್ಟಿಗೆ

ಈಚಿನ ದಶಕಗಳಲ್ಲಿ ವೇಷದ ಪೆಟ್ಟಿಗೆಯ ಒಳಗು ಬದಲಾಗಿದೆ. ಅರದಾಳ, ಇಂಗಳೀಕಗಳ ಬದಲು ಸಿದ್ಧ ಬಣ್ಣಗಳು ಬಂದಿವೆ. ಮರದ ಜೊತೆಗೆ ಥರ್ಮೋಕೋಲ್, ಪ್ಲಾಸ್ಟಿಕ್, ಫೈಬರ್ ಸೇರಿವೆ. ಸುತ್ತಿ ಕಟ್ಟಬೇಕಾದ ಮುಂಡಾಸಿನ ಬದಲು ಟೋಪಿಯಂತೆ ಇಡುವ ಸಿದ್ಧ ಮುಂಡಾಸುಗಳೂ ಬಳಕೆಯಲ್ಲಿವೆ. ಶಾಲೆಯ ವಾರ್ಷಿಕೋತ್ಸವ, ಹವ್ಯಾಸಿ ಸಂಘಗಳ ಪ್ರದರ್ಶನಗಳಿಗೆ ವೇಷಭೂಷಣ ಬಾಡಿಗೆಗೆ ಕೊಡುವವರಿದ್ದಾರೆ. ಪೆಟ್ಟಿಗೆಯೊಂದಿಗೆ ಕಟ್ಟಿಕೊಡುವವರೂ ಬರುತ್ತಾರೆ. ಹೆಣ್ಣುಮಕ್ಕಳ ಮತ್ತು ಮಕ್ಕಳ ತಂಡಗಳು ಹೆಚ್ಚಿದಂತೆ ಗಂಡಸಿನ ಮೈಯಳತೆಗೆಂದು ಕೆತ್ತುತ್ತಿದ್ದ ಭುಜಕೀರ್ತಿ, ಎದೆಕಟ್ಟುಗಳನ್ನು ಚಿಕ್ಕ ಹೆಗಲಿಗೆ ಹೊಂದಿಸಿ ಮಾಡುವ ಅಗತ್ಯ ಹುಟ್ಟಿದೆ.

ಸಿದ್ಧ ಮುಂಡಾಸು ಸಮಯ ಉಳಿಸುತ್ತದೆ. ಆದರೆ ಅದು ಎಲ್ಲರ ತಲೆಯ ಮೇಲೂ ಒಂದೇ. ಸುತ್ತಿ ಕಟ್ಟಿದ ಮುಂಡಾಸು ಆ ಮುಖಕ್ಕೆ, ಆ ಪಾತ್ರಕ್ಕೆ, ಆ ರಾತ್ರಿಗೆ ಹುಟ್ಟಿದ್ದು. ಮರ, ಬೇಗಡೆಗಳ ಬದಲು ಬೇರೆ ವಸ್ತು ಬಂದರೂ ಈ ಕಲೆ ಬದುಕಬಲ್ಲದು. ದೊಂದಿ ಆರಿ ವಿದ್ಯುದ್ದೀಪ ಬಂದಾಗಲೂ ಅದು ಬದುಕಿತು. ಯಾವುದು ಎಲ್ಲಿ ಕೂರಬೇಕು, ಏಕೆ ಅಲ್ಲಿಯೇ ಕೂರಬೇಕು ಎಂಬ ತಿಳಿವಳಿಕೆ ಮಾತ್ರ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುವಂಥದ್ದಲ್ಲ. ಚೌಕಿಯಲ್ಲಿ ಒಬ್ಬನ ಬೆನ್ನ ಹಿಂದೆ ಇನ್ನೊಬ್ಬ ಕೂತು ಗಂಟು ಹಾಕುವಾಗ ಅದು ಕೈಯಿಂದ ಕೈಗೆ ದಾಟುತ್ತದೆ.